ಓಟು ಕೇಳುವವರ ದೇವರು

ನಮ್ಮ ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ಎಂಬತ್ತರ ದಶಕದ ಚುನಾವಣೆಗೆ ಒಂದು ಕ್ರಮವಿತ್ತು. ಅಭ್ಯರ್ಥಿಯ ಜೀಪು ಅಗಸಿ ಮುಂದೆ ನಿಲ್ಲಬೇಕು. ಇಳಿದವರು ಅಗಸಿ ಹನುಮಪ್ಪನಿಗೆ ಕಾಯಿ ಒಡೆಸಬೇಕು. ಅಲ್ಲಿಂದ ಮಠ, ಮಠದಿಂದ ಗೌಡರ ಮನೆಯ ಕಟ್ಟೆ, ನಡುವೆ ಮಸೂತಿಯ ಎದುರಿನ ಮೊಹರಂ ಅಲಾಯಿ ಕುಣಿಗೂ ಕೈಮುಗಿದು ಮುಂದೆ ಹೋಗಬೇಕು. ಯಾವ ಪಕ್ಷದವರು ಬಂದರೂ ಇದೇ ದಾರಿ. ಕಾಂಗ್ರೆಸ್ಸಿನವರು ಕಾಯಿ ಒಡೆಸಿ ಹೋದ ಗುಡಿಯಲ್ಲೇ ಸಂಜೆ ಜನತಾ ಪಕ್ಷದವರು ಒಡೆಸುತ್ತಿದ್ದರು. ಪೂಜಾರಿಗೆ ಇಬ್ಬರ ದಕ್ಷಿಣೆಯೂ ಆಗುತ್ತಿತ್ತು.

ಕಟ್ಟೆಯ ಮೇಲೆ ಕೂತ ಮೇಲೆ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಬೋರು ಯಾವಾಗ ಕೊರೆಸ್ತೀರಿ, ಕರೆಂಟು ರಾತ್ರಿಯಾದರೂ ಕೊಡ್ತೀರೋ ಇಲ್ಲೋ, ಗಂಗಾವತಿಯವರಿಗೆ ತುಂಗಭದ್ರಾ ಕಾಲುವೆ ನೀರು, ನಮಗೇನು? ಕುಷ್ಟಗಿಗೆ ರೈಲು ಬಿಡಿಸುವ ಮಾತು ಆಗಲೇ ಹಳೆಯದಾಗಿತ್ತು. ಆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ, ತಳಕಲ್ ಕಡೆಯಿಂದ. ಕೇಳಿದವರಲ್ಲಿ ಬಹಳ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.

ನೀವು ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಎಂದು ಆ ಕಟ್ಟೆಯ ಮೇಲೆ ಯಾರೂ ಕೇಳಿದ್ದಿಲ್ಲ. ಯಾವ ಜಾತಿ ಎಂದೂ ಕೇಳುತ್ತಿರಲಿಲ್ಲ, ಏಕೆಂದರೆ ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆ ಕಾಲವನ್ನು ನೆನೆಯುವಾಗ ಇದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ. ಓಟಿನ ಲೆಕ್ಕ ಓಣಿಯ ಲೆಕ್ಕವೇ ಆಗಿತ್ತು. ಅಭ್ಯರ್ಥಿ ಕಾಯಿ ಒಡೆಸಿದ ಹನುಮಪ್ಪನ ಗುಡಿಯೊಳಗೆ ಕೇರಿಯವರು ಕಾಲಿಡುವಂತಿರಲಿಲ್ಲ. ಹೋಟೆಲಿನಲ್ಲಿ ಅವರ ಕಪ್ಪು ಬೇರೆ ಇರುತ್ತಿತ್ತು. ನಾನು ಕಂಡ ಯಾವ ಅಭ್ಯರ್ಥಿಯೂ ಜೀಪಿನಿಂದ ಇಳಿದು, ಇವರನ್ನು ಯಾಕೆ ಹೊರಗೆ ನಿಲ್ಲಿಸಿದ್ದೀರಿ ಎಂದು ಕೇಳಲಿಲ್ಲ. ಹಾಗಾಗಿ ಆಗ ಎಲ್ಲ ಚೆನ್ನಾಗಿತ್ತು, ಈಗ ಎಲ್ಲ ಕೆಟ್ಟಿತು ಎಂಬ ಮಾತು ನನ್ನಿಂದ ಬರುವುದಿಲ್ಲ. ಕೆಟ್ಟದ್ದು ಆಗಲೂ ಇತ್ತು. ಅದರ ಜೊತೆಗಿದ್ದ ಒಂದು ಒಳ್ಳೆಯ ರೂಢಿ ಮಾತ್ರ ಈಗ ಹೋಗಿದೆ. ಅದರ ಬಗ್ಗೆಯೇ ಈ ಬರಹ.

ರಾಜಕೀಯಕ್ಕೂ ಧರ್ಮಕ್ಕೂ ನಮ್ಮಲ್ಲಿ ಎಂದೂ ದೂರವಿರಲಿಲ್ಲ. 1952ರ ಮೊದಲ ಲೋಕಸಭೆ ಚುನಾವಣೆಯಲ್ಲಿ ಕುಷ್ಟಗಿಯೇ ಒಂದು ಕ್ಷೇತ್ರ. ಗೆದ್ದವರು ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಪಕ್ಷೇತರರಾಗಿ. ನಿಜಾಮನ ಕಾಲದಲ್ಲಿ ರಜಾಕಾರರ ವಿರುದ್ಧ ಮುಂಡರಗಿ ಶಿಬಿರ ನಡೆಸಿದವರು ಅವರು. ನಮ್ಮಪ್ಪನ ವಯಸ್ಸಿನವರು ಅವರ ಮಾತು ಬಂದರೆ ಶಿಬಿರದ ಸುದ್ದಿಯನ್ನೇ ಹೇಳುತ್ತಿದ್ದರು. ಹೆಸರಿನಲ್ಲಿದ್ದ ‘ಸ್ವಾಮಿ’ಯ ಮೇಲೆ ಮಾತು ನಿಲ್ಲುತ್ತಿರಲಿಲ್ಲ. 1957ರಲ್ಲಿ ಕೊಪ್ಪಳದಿಂದ ಕಾಂಗ್ರೆಸ್ಸಿನ ಸಂಗಪ್ಪ ಅಗಡಿ ಗೆದ್ದರು. 1962ರಲ್ಲಿ ಜನ ಮತ್ತೆ ಶಿವಮೂರ್ತಿ ಸ್ವಾಮಿಗಳನ್ನು ಕಳಿಸಿದರು. 1967ರಲ್ಲಿ ಮತ್ತೆ ಅಗಡಿಯವರು. ಸ್ವಾಮಿಗಳನ್ನು ಬಿಟ್ಟುಕೊಟ್ಟರೆ ಧರ್ಮ ಬಿಟ್ಟಂತೆ ಎಂದು ಯಾರೂ ತಿಳಿಯಲಿಲ್ಲ. ಗೌರವ ಒಂದು ಕಡೆ, ಓಟು ಒಂದು ಕಡೆ ಎಂಬುದು ಓದು ಬರಹ ಕಲಿಯದ ಜನರಿಗೂ ತಿಳಿದಿತ್ತು.

ಅಲಾಯಿಯ ಮಾತನ್ನೂ ಹೇಳಬೇಕು. ಕುಷ್ಟಗಿ, ಯಲಬುರ್ಗಾ ಕಡೆ ಮೊಹರಂ ಮುಸ್ಲಿಮರ ಹಬ್ಬ ಮಾತ್ರ ಅಲ್ಲ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಿನಲ್ಲೂ ದೇವರು ಕೂರುತ್ತವೆ. ಗುದ್ದಲಿ ಹಾಕುವುದು ಒಬ್ಬರ ಮನೆತನದ ಹಕ್ಕು, ಪಂಜಾ ಹೊರುವುದು ಇನ್ನೊಬ್ಬರದು. ಕತ್ತಲ ರಾತ್ರಿ ಹೆಜ್ಜೆ ಹಾಕುವವರಲ್ಲಿ ಕುರುಬರ ಹುಡುಗರು, ನಾಯಕರ ಹುಡುಗರು, ಲಿಂಗಾಯತರ ಹುಡುಗರು ಎಲ್ಲರೂ ಇರುತ್ತಿದ್ದರು. ಹರಕೆ ಹೊತ್ತ ಮಕ್ಕಳು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಿದ್ದರು, ಮನೆಯಲ್ಲಿ ಚೊಂಗೆ, ಮಾದಲಿ. ನನಗೂ ಲಾಡಿ ಕಟ್ಟಿಸಿದ್ದರು. ಅದಕ್ಕೆ ಸೌಹಾರ್ದ ಎಂಬ ದೊಡ್ಡ ಹೆಸರು ಇಟ್ಟದ್ದು ಪೇಟೆಯವರು. ನಮ್ಮವ್ವನಿಗೆ ಅದು ಜ್ವರ ಬಿಟ್ಟದ್ದಕ್ಕೆ ತೀರಿಸಿದ ಹರಕೆ, ಅಷ್ಟೇ. ಇಂಥ ಸೀಮೆಯಾದ್ದರಿಂದಲೇ ಗಂಗಾವತಿಯಲ್ಲಿ ಇಕ್ಬಾಲ್ ಅನ್ಸಾರಿಯವರು 2004ರಲ್ಲೂ 2013ರಲ್ಲೂ ಗೆದ್ದಾಗ ನಮಗೆ ಸೋಜಿಗ ಎನಿಸಲಿಲ್ಲ. 2008ರಲ್ಲೂ 2018ರಲ್ಲೂ ಪರಣ್ಣ ಮುನವಳ್ಳಿಯವರು ಗೆದ್ದಾಗಲೂ ಎನಿಸಲಿಲ್ಲ. ಐದು ವರ್ಷಕ್ಕೊಮ್ಮೆ ತಿರುವಿ ಹಾಕುವುದು ಆ ಊರಿನ ರೂಢಿ.

ಬದಲಾವಣೆ ಯಾವ ದಿನ ಶುರುವಾಯಿತೆಂದು ಗೆರೆ ಎಳೆದು ತೋರಿಸಲು ಬರುವುದಿಲ್ಲ. ಆದರೂ ನನಗೆ ನೆನಪಿರುವುದು 1999. ಹೊಳೆಯಾಚೆ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರಾಬದುರು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಅದು ನಿಜಕ್ಕೂ ಮೆಚ್ಚುವ ಕೆಲಸ. ಆದರೆ ಹೊಸಪೇಟೆಯ ಚಹದಂಗಡಿಗಳಲ್ಲಿ ನಾನು ಕೇಳಿದ ಮಾತು ಕುಂಕುಮ, ಸೀರೆ, ಹುಟ್ಟಿದ ದೇಶ, ಹೋಗುವ ಚರ್ಚು ಇವುಗಳ ಸುತ್ತಲೇ ಇತ್ತು. ಅಭ್ಯರ್ಥಿಯ ದೇವರು ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಭಾಗದಲ್ಲಿ ಗಟ್ಟಿಯಾಗಿ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸೋನಿಯಾ 56,100 ಮತಗಳಿಂದ ಗೆದ್ದರು, ಪ್ರಶ್ನೆ ಮಾತ್ರ ಇಲ್ಲೇ ಉಳಿಯಿತು.

ಆಮೇಲೆ ಹನುಮಪ್ಪನ ಸರದಿ. ಹನುಮ ಹುಟ್ಟಿದ ಜಾಗವೆಂದು ನಮ್ಮ ಕಡೆಯವರು ನಂಬುವ, ಆನೆಗುಂದಿಯ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ನಾವು ಹುಡುಗರಿದ್ದಾಗ ಶನಿವಾರ ಹತ್ತುತ್ತಿದ್ದವರು ಸುತ್ತಲಿನ ಊರವರು, ಉತ್ತರದಿಂದ ಬಂದ ಕೆಲವು ಯಾತ್ರಿಕರು. ಮೇಲೆ ಹೋದರೆ ಗದ್ದೆ, ಹೊಳೆ, ಬಂಡೆ ಕಾಣುತ್ತಿದ್ದವು, ಗಾಳಿ ಜೋರಾಗಿ ಬೀಸುತ್ತಿತ್ತು. 2018ರಲ್ಲಿ ಗುಡಿ ಸರ್ಕಾರದ ವಶಕ್ಕೆ ಬಂತು. 2021ರ ಏಪ್ರಿಲ್ 21ರ ರಾಮನವಮಿಯಂದು ತಿರುಮಲ ತಿರುಪತಿ ದೇವಸ್ಥಾನದವರು ಹನುಮ ಹುಟ್ಟಿದ್ದು ತಮ್ಮ ಬೆಟ್ಟದಲ್ಲಿ ಎಂದು ಘೋಷಿಸಿದರು. ನಮ್ಮ ಕಡೆಯವರಿಗೆ ಸಿಟ್ಟು ಬಂತು. ನನಗೂ ಬಂತು. ಮರುವರ್ಷದ ರಾಜ್ಯ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಇಟ್ಟರು. ಅವರ ತಂದೆ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ ಮೊಕದ್ದಮೆಯಲ್ಲೇ 1994ರಲ್ಲಿ ಸುಪ್ರೀಂ ಕೋರ್ಟು, ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ರಚನೆಯ ಭಾಗ ಎಂದು ಹೇಳಿದ್ದು. ಯಾತ್ರಿಕರಿಗೆ ನೀರು, ನೆರಳು, ಶೌಚಾಲಯ ಬೇಕು, ಅದಕ್ಕೆ ದುಡ್ಡು ಇಟ್ಟದ್ದರಲ್ಲಿ ತಪ್ಪಿಲ್ಲ. ಬೆಟ್ಟ ಭಾಷಣದ ವೇದಿಕೆಯಾದದ್ದು ತಪ್ಪು.

2023ರ ಮೇ 2ರಂದು ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ಬಜರಂಗದಳದ ಹೆಸರು ಹಿಡಿದು ನಿಷೇಧದ ಮಾತಾಡಿತು. ಅದೇ ದಿನ ಪ್ರಧಾನಿ ಮೋದಿ ಹೊಸಪೇಟೆಯಲ್ಲಿದ್ದರು. ಹನುಮನ ನೆಲಕ್ಕೆ ಬಂದ ದಿನವೇ ಹನುಮನನ್ನು ಬಂಧಿಸಲು ಹೊರಟಿದ್ದಾರೆ ಎಂಬ ಅರ್ಥ ಬರುವಂತೆ ಮಾತಾಡಿದರು. ಅಲ್ಲಿಂದ ಮತದಾನದ ದಿನದವರೆಗೆ ಜೈ ಬಜರಂಗಬಲಿ ಎಂಬುದು ಒಂದು ಪಕ್ಷದ ಘೋಷಣೆಯಾಯಿತು. ಸಂಘಟನೆಯೊಂದನ್ನು ನಿಷೇಧಿಸಬೇಕೋ ಬೇಡವೋ ಎಂಬುದು ಕಾನೂನಿನ ಪ್ರಶ್ನೆ, ಅದನ್ನು ಚರ್ಚಿಸಬಹುದಿತ್ತು. ಅದು ಅಗಸಿ ಹನುಮಪ್ಪನ ಮಾನದ ಪ್ರಶ್ನೆಯಾಯಿತು. ಧರ್ಮದ ಹೆಸರಿನಲ್ಲಿ ಓಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮದ ಹೆಸರು ಹೇಳಿದರೂ ಅದೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕಕ್ಕೆ ಮೂರರ ಬಹುಮತದಿಂದ ಹೇಳಿತ್ತು. ಇದನ್ನು ನೆನಪಿಸಿದವರು ಆ ಗದ್ದಲದಲ್ಲಿ ಕಡಿಮೆ.

ಮೇ 13ರ ಫಲಿತಾಂಶದಲ್ಲಿ ನಮ್ಮ ಜಿಲ್ಲೆಯ ಐದು ಕ್ಷೇತ್ರಗಳ ಪೈಕಿ ಕೊಪ್ಪಳ, ಯಲಬುರ್ಗಾ, ಕನಕಗಿರಿ ಕಾಂಗ್ರೆಸ್ಸಿಗೆ ಹೋದವು. ಕುಷ್ಟಗಿಯಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲರು ಗೆದ್ದರು. ಅಂಜನಾದ್ರಿ ಇರುವ ಗಂಗಾವತಿಯಲ್ಲೇ ಎರಡೂ ದೊಡ್ಡ ಪಕ್ಷಗಳು ಸೋತು, ಹೊಸ ಪಕ್ಷ ಕಟ್ಟಿದ್ದ ಜನಾರ್ದನ ರೆಡ್ಡಿ ಗೆದ್ದರು. ನಮ್ಮ ಜನ ದೇವರ ಹೆಸರು ಕೇಳಿ ಕಣ್ಣು ಮುಚ್ಚಿ ಓಟು ಹಾಕುವವರಲ್ಲ ಎಂದು ಇದರಿಂದ ತಿಳಿಯಬಹುದು.

ಆ ಮೇ ತಿಂಗಳಲ್ಲಿ ನಮ್ಮಣ್ಣನ ಮಗ ಅಮೆರಿಕದಿಂದ ಫೋನು ಮಾಡಿದ್ದ. ಹ್ಯೂಸ್ಟನ್ ಕಡೆ ಇದ್ದಾನೆ, ಕಂಪ್ಯೂಟರ್ ಕೆಲಸ. ‘ನಮ್ಮ ದೇವರ ಹೆಸರು ಹೇಳಿ ಓಟು ಕೇಳಿದ್ರ ತಪ್ಪೇನೈತಿ ಕಾಕಾ? ನಮ್ಮ ದೇಶ, ನಮ್ಮ ದೇವ್ರು’ ಎಂದ. ನಾನು ನನಗೆ ತಿಳಿದಷ್ಟು ಹೇಳಿದೆ, ಅವನು ಒಪ್ಪಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ವಿಷಯಕ್ಕೆ ಫೋನು ಬಂತು. ಈ ಸಲ ಅವನ ದನಿ ನಡುಗುತ್ತಿತ್ತು.

ಹ್ಯೂಸ್ಟನ್ ಮಗ್ಗುಲಿನ ಶುಗರ್‌ಲ್ಯಾಂಡ್ ಊರಿನ ಅಷ್ಟಲಕ್ಷ್ಮಿ ಗುಡಿಯಲ್ಲಿ 2024ರ ಆಗಸ್ಟಿನಲ್ಲಿ 90 ಅಡಿಯ ಹನುಮನ ಮೂರ್ತಿ ಪ್ರತಿಷ್ಠಾಪನೆಯಾಗಿತ್ತು. ಮರುವರ್ಷ, ಟೆಕ್ಸಸ್‌ನಿಂದ ಸೆನೆಟ್ಟಿಗೆ ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆ ಬಯಸಿದ್ದ ಅಲೆಕ್ಸಾಂಡರ್ ಡಂಕನ್ ಎಂಬವರು ಆ ಮೂರ್ತಿಯನ್ನು ಸುಳ್ಳು ದೇವರೆಂದು ಕರೆದು, ಅದನ್ನು ಇಲ್ಲಿ ಯಾಕೆ ಬಿಟ್ಟಿದ್ದೇವೆ, ನಮ್ಮದು ಕ್ರೈಸ್ತ ದೇಶ ಎಂದು ಬರೆದರು. ‘ನಮ್ಮ ಹನುಮಪ್ಪಗ ಸುಳ್ಳು ದೇವ್ರು ಅಂತಾರ ಕಾಕಾ. ನಮ್ಮ ಗೆಳೆಯರಾಗ ಎಷ್ಟೋ ಮಂದಿ ಆ ಪಕ್ಷಕ್ಕ ಓಟು ಹಾಕ್ಯಾರ’ ಎಂದು ಅವನು ಸಂಕಟಪಟ್ಟ. ಅವನ ನೋವು ನನ್ನದೂ ಆಗಿತ್ತು. ಅಂಜನಾದ್ರಿಯ ಕೆಳಗೆ ಬೆಳೆದವರಿಗೆ ಆ ಮಾತು ನೇರ ತಾಗುತ್ತದೆ.

ಆದರೂ ಅವನಿಗೆ ಹೇಳಬೇಕಾದ್ದನ್ನು ಹೇಳಿದೆ. ಅದೇ ಹ್ಯೂಸ್ಟನ್ನಿನಲ್ಲಿ 1960ರ ಸೆಪ್ಟೆಂಬರ್ 12ರಂದು ಜಾನ್ ಕೆನಡಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತಿದ್ದರು. ಕ್ಯಾಥೊಲಿಕ್ ಆದವನು ಅಧ್ಯಕ್ಷನಾದರೆ ಪೋಪ್ ಮಾತು ಕೇಳುತ್ತಾನೆ ಎಂಬುದು ಆ ಪಾದ್ರಿಗಳ ಅನುಮಾನ. ನನ್ನ ಮನಸ್ಸಾಕ್ಷಿಗೂ ದೇಶದ ಹಿತಕ್ಕೂ ಎಂದಾದರೂ ವಿರೋಧ ಬಂದರೆ ಹುದ್ದೆ ಬಿಡುತ್ತೇನೆ ಎಂಬ ಅರ್ಥದ ಮಾತು ಹೇಳಿ ಕೆನಡಿ ಹೊರಬಂದರು, ಗೆದ್ದರು. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದೆಂದು ಆ ದೇಶದ ಸಂವಿಧಾನವೇ ಹೇಳುತ್ತದೆ. ಆದರೂ 1979ರಲ್ಲಿ ಜೆರ‍್ರಿ ಫಾಲ್ವೆಲ್ ಎಂಬ ಪಾದ್ರಿ ಮಾರಲ್ ಮೆಜಾರಿಟಿ ಎಂಬ ಸಂಘಟನೆ ಕಟ್ಟಿ, ಮರುವರ್ಷ ರೇಗನ್ ಪರ ಚರ್ಚಿನ ಜನರನ್ನು ಕಲೆಹಾಕಿದರು. ಅಲ್ಲಿಂದ ಇತ್ತ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಹೆಚ್ಚಿನವರು ರಿಪಬ್ಲಿಕನ್ ಪಕ್ಷದ ಕಡೆ ಗಟ್ಟಿಯಾಗಿ ನಿಂತಿದ್ದಾರೆ. ಕೇರಳ ಮೂಲದ ವಿವೇಕ ರಾಮಸ್ವಾಮಿ ಅದೇ ಪಕ್ಷದಿಂದ ಅಧ್ಯಕ್ಷರಾಗಲು ಹೊರಟಾಗ, 2023ರ ಡಿಸೆಂಬರಿನಲ್ಲಿ ಅಯೋವಾದ ಸಭೆಯಲ್ಲಿ ಅವರ ಹಿಂದೂ ಧರ್ಮದ ಬಗ್ಗೆಯೇ ಪ್ರಶ್ನೆ ಬಂತು. ಹಿಂದೂ ನಂಬಿಕೆಗೂ ಕ್ರೈಸ್ತ ಮೌಲ್ಯಕ್ಕೂ ಎಲ್ಲೆಲ್ಲಿ ಹೊಂದಿಕೆ ಇದೆ ಎಂದು ಅವರು ವಿವರಿಸಬೇಕಾಯಿತು. ಬಳ್ಳಾರಿಯಲ್ಲಿ 1999ರಲ್ಲಿ ಕೇಳಿದ್ದ ಪ್ರಶ್ನೆಯೇ ಅದು. ಕೇಳಿದವರು ಬೇರೆ, ಉತ್ತರ ಹೇಳಬೇಕಾದವರು ಬೇರೆ. ‘ಈ ದೇಶ ನಮ್ಮ ದೇವರದು ಅಂತ ನಾವು ಇಲ್ಲಿ ಅಂದರೆ, ಆ ದೇಶ ತಮ್ಮ ದೇವರದು ಅಂತ ಅವರು ಅಲ್ಲಿ ಅನ್ನೋದಕ್ಕೆ ನಾವು ಯಾವ ಬಾಯಿಂದ ಬೇಡ ಅನ್ನೋಣಪ್ಪಾ?’ ಎಂದೆ. ಅವನು ಬಹಳ ಹೊತ್ತು ವಾದಿಸಿದ. ಇದು ಬೇರೆ, ಅದು ಬೇರೆ ಎಂದ. ನಮ್ಮಿಬ್ಬರ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ.

ಅವನಿಗೆ ಮಿಯಾಪುರದ ಸುದ್ದಿಯನ್ನೂ ಹೇಳಿದೆ. ನಮ್ಮದೇ ಕುಷ್ಟಗಿ ತಾಲ್ಲೂಕು. 2021ರ ಸೆಪ್ಟೆಂಬರ್ 4ರಂದು ದಲಿತ ಕುಟುಂಬವೊಂದು ಎರಡು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆಂದು ಹನುಮನ ಗುಡಿಗೆ ಹೋಗಿ ಹೊರಗೇ ನಿಂತು ಕೈಮುಗಿಯಿತು. ಮಗು ಒಳಗೆ ಓಡಿತು. ಗುಡಿ ಶುದ್ಧಿ ಮಾಡಿಸಬೇಕೆಂದು ಊರ ಕೆಲವರು 25,000 ರೂಪಾಯಿ ಕೇಳಿದರು. ಸುದ್ದಿ ಹೊರಬಿದ್ದ ಮೇಲೆ ಕೆಲವರ ಬಂಧನವಾಯಿತು, ಅಧಿಕಾರಿಗಳು ಬಂದು ಸಭೆ ನಡೆಸಿದರು. ಹನುಮ ಎಲ್ಲಿ ಹುಟ್ಟಿದ ಎಂಬ ವಾದ ನಡೆದ ವರ್ಷವೇ ಅದು. ಆ ಮಗು ಹನುಮನ ಹತ್ತಿರ ಯಾಕೆ ಹೋಗಕೂಡದು ಎಂದು ಅಷ್ಟೇ ಗಟ್ಟಿಯಾಗಿ ಕೇಳಿದ ದೊಡ್ಡ ಭಾಷಣವನ್ನು ನಾನು ಕೇಳಲಿಲ್ಲ. ಎಂಬತ್ತರ ದಶಕದ ಜೀಪಿನವರು ಕೇಳದೆ ಬಿಟ್ಟ ಪ್ರಶ್ನೆ ಇಂದಿನವರ ಬಾಯಲ್ಲೂ ಬರಲಿಲ್ಲ.

ಧರ್ಮ ಮನೆಯೊಳಗೇ ಇರಲಿ, ಬೀದಿಗೆ ಬರಕೂಡದು ಎಂದು ನಾನು ಹೇಳುತ್ತಿಲ್ಲ. 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಊರಿನ ಮಗ್ಗುಲಲ್ಲೇ ಬಲ್ದೋಟಾ ಕಂಪನಿಯ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಸಾವಿರಾರು ಜನ ಸೇರಿದ್ದರು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ವೇದಿಕೆಯಲ್ಲಿ ಮಾತಾಡಿದ್ದು ಹೊಗೆ, ಧೂಳು, ಮಕ್ಕಳ ಉಸಿರಿನ ಬಗ್ಗೆ. ಎಲ್ಲ ಪಕ್ಷದವರೂ ಎಲ್ಲ ಧರ್ಮದವರೂ ಅಲ್ಲಿದ್ದರು. ಹಿಂದೆ ಹಿರೇಹಳ್ಳದ ಹೂಳು ತೆಗೆಸಲು ಊರೂರಿನ ಜನರನ್ನು ಕರೆದುಕೊಂಡು ಹೋದವರೂ ಅವರೇ. ಮಠ ಹೀಗೆ ಬೀದಿಗೆ ಬಂದರೆ ನನಗೆ ಸಂತೋಷ. ಅಲ್ಲಿ ಯಾರೂ ಯಾರ ದೇವರನ್ನೂ ಎತ್ತಿ ಆಡಲಿಲ್ಲ, ಓಟನ್ನೂ ಕೇಳಲಿಲ್ಲ.

2028ರಲ್ಲಿ ಮತ್ತೆ ವಿಧಾನಸಭೆ ಚುನಾವಣೆ ಬರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಓದುಗರಲ್ಲಿ ನನ್ನದೊಂದು ಬೇಡಿಕೆ. ಬಾಗಿಲಿಗೆ ಬಂದವರು ಹನುಮಪ್ಪನಿಗೆ ಕಾಯಿ ಒಡೆಸಲಿ, ದರ್ಗಾಕ್ಕೆ ಚಾದರ ಹೊದಿಸಲಿ, ಏನೂ ಮಾಡದೆ ಬರಲಿ, ಅದು ಅವರ ನಂಬಿಕೆ. ಕಟ್ಟೆಯ ಮೇಲೆ ಕೂರಿಸಿ ಮೂರು ಮಾತು ಕೇಳಿ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಹೋಯಿತು, ಅಂಥದ್ದು ಮತ್ತೆ ಆಗದಂತೆ ನೀವು ಏನು ಮಾಡುತ್ತೀರಿ? ಕೊಪ್ಪಳದ ಧೂಳಿಗೆ ಏನು ಮಾಡುತ್ತೀರಿ? ಮಿಯಾಪುರದಂಥ ಊರಿನ ಗುಡಿಗೆ ಕೇರಿಯ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಲು ನಮ್ಮ ಜೊತೆ ಬರುತ್ತೀರಾ?