ಕೊನೆಯ ಸಾಲಿನ ಹಲಗಿ

ನಮ್ಮೂರಿನ ಸಂಗೀತ ಹಬ್ಬದ ಮೊದಲ ವರ್ಷದ ಕಾರ್ಯಕ್ರಮ ಪಟ್ಟಿ ಬರೆದವನು ನಾನು. ನೋಟ್‌ಬುಕ್ಕಿನ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಎಂಟು ಹೆಸರು, ಪ್ರತಿ ಹೆಸರಿನ ಎದುರಿಗೂ ವೇಳೆ. ಕೊನೆಯ ಸಾಲಿನಲ್ಲಿ ‘ಹಲಗಿ ಮೇಳ, 9.40’ ಎಂದಿದೆ.

ಕುಂದಗೋಳದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ ನಮ್ಮೂರು. ಹೈಸ್ಕೂಲಿನಲ್ಲಿದ್ದಾಗ ಮಾಮಾನ ಜೊತೆ ಅಲ್ಲಿನ ನಾಡಿಗೇರ ವಾಡೆಗೆ ಹೋಗಿದ್ದೆ. ಸವಾಯಿ ಗಂಧರ್ವರ ನೆನಪಿನಲ್ಲಿ ಅಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಅರ್ಧ ನಿದ್ದೆಯಲ್ಲಿ ಕೇಳಿದ ರಾಗ ಯಾವುದೆಂದು ತಿಳಿಯದಿದ್ದರೂ, ಸಣ್ಣ ಊರಿನಲ್ಲೂ ಬೆಳಗಿನ ತನಕ ಕೂತು ಹಾಡು ಕೇಳುವ ಜನ ಇರುತ್ತಾರೆ ಎಂಬುದು ಮನಸ್ಸಿನಲ್ಲಿ ಉಳಿಯಿತು. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷ ಪುಣೆಯಲ್ಲಿ ಗುರುಗಳ ಹೆಸರಿನ ಉತ್ಸವ ಶುರುವಾದಾಗ ಭೀಮಸೇನ ಜೋಶಿಯವರಿಗೆ ಮೂವತ್ತೊಂದೇ ವರ್ಷ. ಅರುಣಾಚಲದ ಝೀರೋ ಕಣಿವೆಯಲ್ಲಿ ಅಲ್ಲಿಯವರೇ ಆದ ಬಾಬಿ ಹಾನೋ ಮತ್ತು ಗಿಟಾರ್ ವಾದಕ ಅನುಪ್ ಕುಟ್ಟಿ 2012ರಲ್ಲಿ ಶುರುಮಾಡಿದ ಹಬ್ಬದ ವಿಡಿಯೊಗಳನ್ನು ಮುಂದೆ ನೋಡಿದೆವು. ಗದ್ದೆಗಳ ನಡುವೆ ಬಿದಿರಿನ ವೇದಿಕೆ. ‘ನಮ್ಮಲ್ಲಿ ಬಿದಿರಿಲ್ಲ, ಎಪಿಎಂಸಿ ಶೆಡ್ ಐತಿ’ ಎಂದ ಒಬ್ಬ ಗೆಳೆಯ. ಶುರುವಾದದ್ದು ಹಾಗೆ.

ಆರು ಜನ ಹುಡುಗರು, ಇಬ್ಬರು ಹುಡುಗಿಯರು ಅಂಗಡಿ ಅಂಗಡಿ ತಿರುಗಿ ಪಟ್ಟಿ ಎತ್ತಿದೆವು. ಶೆಡ್ಡಿನಲ್ಲಿ ಮೆಣಸಿನಕಾಯಿಯ ಘಾಟು ಹೋಗಲಿ ಎಂದು ಎರಡು ದಿನ ನೀರು ಹೊಡೆದೆವು. ಭಜನೆಯವರು, ತತ್ವಪದದವರು, ಧಾರವಾಡದಿಂದ ಬರುವ ಖ್ಯಾಲ್ ಗಾಯಕರು, ನಮ್ಮದೇ ಬ್ಯಾಂಡು. ಪಟ್ಟಿ ಬರೆಯುವಾಗ ಹಲಗಿ ಮೇಳವನ್ನು ಕೊನೆಗೆ ಹಾಕಿದೆ. ಕೇಳಿದವರಿಗೆ ‘ಜೋರು ಸಪ್ಪಳ, ಕೊನೆಗಿದ್ದರೆ ಚಂದ’ ಎಂದು ಹೇಳುತ್ತಿದ್ದೆ. ಬೇರೆ ಕಾರಣವಿದೆ ಎಂದು ನನಗೂ ಅನ್ನಿಸಿರಲಿಲ್ಲ.

ಎಲ್ಲ ಹಬ್ಬಗಳಂತೆ ನಮ್ಮದೂ ತಡವಾಯಿತು. ಸ್ವಾಗತ ಭಾಷಣ, ಶಾಲು, ಹಾರ. ಒಂಬತ್ತೂವರೆಗೆ ಶೆಡ್ಡಿನ ಹಿಂದೆ ಹೋದೆ. ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಮತ್ತು ಅವನ ಅಪ್ಪ, ಜೊತೆಗೆ ಇನ್ನೂ ನಾಲ್ವರು, ಕಣಕಿ ಉರಿಸಿ ಹಲಗಿ ಕಾಸುತ್ತಿದ್ದರು. ಚರ್ಮ ಬಿಗಿಯಾದರೆ ಮಾತ್ರ ನಾದ. ಇಬ್ಬನಿ ಬಿದ್ದರೆ ಮತ್ತೆ ಸಡಿಲ. ಎಂಟು ಗಂಟೆಯಿಂದ ಅವರು ಹಾಗೆ ಕಾಸುತ್ತಲೇ ಇದ್ದರಂತೆ.

ಅವರು ವೇದಿಕೆಯ ಮೆಟ್ಟಿಲು ಹತ್ತುವಾಗ ಹತ್ತಾಗಲು ಐದು ನಿಮಿಷ. ಪೊಲೀಸರು ಬಂದು ಸಮಯ ತೋರಿಸಿದರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ತಪ್ಪು ಅವರದ್ದಲ್ಲ. ಪುಣೆಯ ದೊಡ್ಡ ಉತ್ಸವವೇ ಆ ನಿಯಮಕ್ಕೆ ರಾತ್ರಿಗಳನ್ನು ಮೊಟಕು ಮಾಡಿಕೊಂಡಿದೆ. ಮೈಕು ಆರಿತು. ಜನ ಚಪ್ಪಲಿ ಹುಡುಕತೊಡಗಿದರು. ಕಾಕಾ ಬಿಸಿ ಹಲಗಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ‘ಇರಲಿ ಬಿಡು ತಮ್ಮಾ’ ಎಂದಷ್ಟೇ ಹೇಳಿ ಕತ್ತಲಲ್ಲಿ ನಡೆದರು. ಗೆಳೆಯ ನನ್ನ ಮುಖ ನೋಡಲಿಲ್ಲ.

ಮರುವರ್ಷ ಅವರ ಮನೆಗೆ ಹೋದೆ. ‘ಕಾಕಾ, ಈ ಸಲ ನೀವೇ ಮೊದಲು’ ಎಂದೆ. ದೊಡ್ಡ ಮನಸ್ಸು ಮಾಡಿದವನ ಹುರುಪು ನನಗೆ. ಅವರು ನಕ್ಕರು. ‘ಮೊದಲ ಬಾರ್ಸೂದು ನಮಗೇನ ಹೊಸಾದಲ್ಲೋ ತಮ್ಮಾ. ಮೆರವಣಿಗಿ ಮುಂದ, ಹೆಣದ ಮುಂದ ನಾವ ಇರ್ತೇವಿ. ಜನಾ ಬಂದು ಕುಂತ ಮ್ಯಾಲೆ, ಎಲ್ಲಾರ ನಡುವ ಒಂದು ತಾಸ ಕೊಡ್ತೀರೇನು, ಅದನ್ನ ಹೇಳು.’

ಏಳೂವರೆಯ ವೇಳೆ ಖ್ಯಾಲ್ ಗಾಯನಕ್ಕೆಂದು ಮೀಸಲಾಗಿತ್ತು. ಸಭೆಯಲ್ಲಿ ಜಗಳವಾಯಿತು. ಹೆಚ್ಚು ದುಡ್ಡು ಕೊಟ್ಟಿದ್ದ ಒಬ್ಬರು ‘ಹಂಗಾದ್ರ ನನ್ನ ಹೆಸರ ಬಿಡ್ರಿ’ ಎಂದರು. ಬಿಟ್ಟೆವು. ಶಾಮಿಯಾನ ಒಂದು ಕಡಿಮೆಯಾಯಿತು. ಗಾಯಕರಿಗೆ ಫೋನು ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಅವರು ಮಾತ್ರ, ‘ಎಂಟೂವರೆ ಇನ್ನೂ ಚಲೋ, ಬಾಗೇಶ್ರೀ ಹಾಡಬಹುದು’ ಎಂದುಬಿಟ್ಟರು. ನಾವು ಹೆದರಿದ್ದು ಅವರಿಗಲ್ಲ, ನಮ್ಮೂರಿಗೆ ಎಂದು ಆಗ ತಿಳಿಯಿತು.

ಆ ಸಂಜೆ ಆರು ಹಲಗಿಗಳು ಒಂದು ತಾಸು ಮಾತಾಡಿದವು. ಮದುವೆಯ ನಡೆ, ಹೋಳಿಯ ನಡೆ, ಸಾವಿನ ನಡೆ ಬೇರೆಬೇರೆ ಎಂದು ಕಾಕಾ ಮೈಕಿನಲ್ಲಿ ಹೇಳಿ ಬಾರಿಸಿ ತೋರಿಸಿದರು. ಹುಟ್ಟಿದಾಗಿನಿಂದ ಕೇಳಿದ್ದ ಆ ಸದ್ದುಗಳ ನಡುವೆ ವ್ಯತ್ಯಾಸವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಸಾವಿನ ನಡೆ ಶುರುವಾದಾಗ ಅವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪನನ್ನು ಕಳಿಸಿಕೊಟ್ಟದ್ದು ಅದೇ ಬಡಿತ. ಎದ್ದು ಹೋಗುತ್ತಾಳೇನೋ ಅಂದುಕೊಂಡೆ. ಕೊನೆಯತನಕ ಕೂತಿದ್ದಳು.

ಒಂದು ಸಂಜೆಗೆ ಊರು ಬದಲಾಗಲಿಲ್ಲ. ಹಬ್ಬ ಮುಗಿದ ಮೇಲಿನ ಊಟಕ್ಕೆ ಹಲಗಿಯವರು ನಿಲ್ಲಲಿಲ್ಲ. ನಾವೂ ಗಟ್ಟಿಯಾಗಿ ಕರೆದಿರಲಿಲ್ಲ. ಅದನ್ನು ಸರಿಮಾಡಿಕೊಳ್ಳಲು ಇನ್ನೊಂದು ವರ್ಷ ಬೇಕಾಯಿತು.

ಈಗ ಪಟ್ಟಿ ಗೆಳೆಯನೂ ನಾನೂ ಕೂಡಿಯೇ ಬರೆಯುತ್ತೇವೆ. ಕೊನೆಯ ವೇಳೆಗೆ ಮಾತ್ರ ಚೀಟಿ ಎತ್ತುತ್ತೇವೆ. ಹೋದ ವರ್ಷ ಅದು ನಮ್ಮ ಬ್ಯಾಂಡಿಗೆ ಬಂತು. ಒಂದೂವರೆ ಹಾಡಿಗೆ ಹತ್ತು ಗಂಟೆಯಾಯಿತು. ವೈರು ಸುತ್ತುತ್ತ ಕೂತಿದ್ದಾಗ ಗೆಳೆಯ ಬಂದು ಪಕ್ಕದಲ್ಲಿ ಕೂತ. ‘ಗಿಟಾರ್ ಕಾಸೂದೇನ ಇರಲಿಲ್ಲಲ್ಲೋ, ಪುಣ್ಯಾ’ ಎಂದ. ಇಬ್ಬರೂ ನಕ್ಕೆವು. ವೈರಿನ ಇನ್ನೊಂದು ತುದಿಯನ್ನು ಅವನು ಸುತ್ತತೊಡಗಿದ.