ಅರ್ಬ್ವಾದ ಹಳದಿ ಮದಿರೆ

ಫ್ರಾನ್ಸ್ ದೇಶದ ದ್ರಾಕ್ಷಾಮದಿರೆ ಎಂದೊಡನೆ ಲೋಕಕ್ಕೆ ನೆನಪಾಗುವುದು ಬೋರ್ಡೋ, ಬರ್ಗಂಡಿ, ಷಾಂಪೇನ್ ಎಂಬ ಮೂರು ಹೆಸರುಗಳು. ಈ ಮೂವರು ಹಿರಿಯಕ್ಕಂದಿರ ವೈಭವದ ಹಿಂದೆ ನಾಚಿ ನಿಂತ ಕಿರಿಯ ತಂಗಿಯಂತೆ ಇರುವುದು ಜೂರಾ ಸೀಮೆ. ಬರ್ಗಂಡಿಯ ಬಯಲನ್ನು ದಾಟಿ ಪೂರ್ವಕ್ಕೆ, ಸ್ವಿಟ್ಜರ್ಲೆಂಡಿನ ಗಡಿಯತ್ತ ಸಾಗುವ ಪ್ರವಾಸಿಗನ ಕಣ್ಣೆದುರು ನೆಲವು ಮೆಲ್ಲನೆ ಮೇಲೇಳತೊಡಗುತ್ತದೆ. ಸುಣ್ಣಗಲ್ಲಿನ ಬೋಳು ಬಂಡೆಗಳು, ಅವುಗಳ ಬುಡದಲ್ಲಿ ನೀಲಿ ಬೆರೆತ ಬೂದುಬಣ್ಣದ ಜೇಡಿಮಣ್ಣು, ಆ ಮಣ್ಣಿನ ಇಳಿಜಾರಿನಲ್ಲಿ ಸಾಲುಸಾಲಾಗಿ ದ್ರಾಕ್ಷಿಯ ಬಳ್ಳಿಗಳು. ಭೂವಿಜ್ಞಾನಿಗಳು ‘ಜುರಾಸಿಕ್’ ಯುಗವೆಂದು ಹೆಸರಿಟ್ಟದ್ದು ಈ ಬೆಟ್ಟಗಳಿಂದಲೇ. ತೋಟದಲ್ಲಿ ಗುದ್ದಲಿ ಹಾಕಿದರೆ ಆ ಪುರಾತನ ಸಮುದ್ರದ ಚಿಪ್ಪುಗಳು ಕಲ್ಲಾಗಿ ಮೇಲೆ ಬರುವುದುಂಟು.

ಈ ಸೀಮೆಯ ಹೃದಯದಂತಿರುವುದು ಅರ್ಬ್ವಾ ಎಂಬ ಪುಟ್ಟ ಪಟ್ಟಣ. ಜನಸಂಖ್ಯೆ ಮೂರು ಸಾವಿರಕ್ಕೆ ತುಸು ಮೇಲೆ. ಊರ ನಡುವೆ ಕ್ವಿಜಾನ್ಸ್ ಎಂಬ ಕಿರುಹೊಳೆ ಕಲ್ಲಿಂದ ಕಲ್ಲಿಗೆ ನೆಗೆಯುತ್ತ ಹರಿಯುತ್ತದೆ. ಸಂತ ಜೂಸ್ತನ ದೇಗುಲದ ಕಾವಿಬಣ್ಣದ ಗೋಪುರ ದೂರದಿಂದಲೇ ಊರಿನ ಗುರುತು ಹೇಳುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ಬೆಳೆಗಾರರು ನೂರಾರು ಗೊಂಚಲುಗಳನ್ನು ಒಂದಾಗಿ ಕಟ್ಟಿ, ಒಂದೇ ಮಹಾಗೊಂಚಲನ್ನಾಗಿ ಮಾಡಿ, ಹೆಗಲ ಮೇಲೆ ಹೊತ್ತು ಈ ದೇಗುಲಕ್ಕೆ ತಂದು ಒಪ್ಪಿಸುತ್ತಾರೆ. ಬೆಳೆಯ ಮೊದಲ ಫಲ ದೇವರಿಗೆ ಸಲ್ಲಬೇಕೆಂಬ ಭಾವನೆ ಯಾವ ನಾಡಿನ ರೈತನಿಗೂ ಹೊಸದಲ್ಲ.

2025ರ ಫೆಬ್ರವರಿ ತಿಂಗಳ ಒಂದು ಸಂಜೆ ಈ ಊರಿನ ಬೆಳೆಗಾರನೊಬ್ಬನ ನೆಲಮಾಳಿಗೆಯಲ್ಲಿ ಮೂವರು ಗೆಳೆಯರು ಸೇರಿದ್ದರು. ಮನೆಯ ಯಜಮಾನ ಎಪ್ಪತ್ತು ದಾಟಿದವನು. ತೋಟದ ಭಾರವನ್ನು ಮಗಳಿಗೆ ಒಪ್ಪಿಸಿ ಎರಡು ವರ್ಷವಾಗಿತ್ತು. ಇನ್ನೊಬ್ಬ ಲಿಯೋನ್ ನಗರದ ನಿವೃತ್ತ ವೈದ್ಯ. ಮತ್ತೊಬ್ಬ ಬರ್ಗಂಡಿಯ ಶಾಲಾಮಾಸ್ತರ, ತನ್ನ ಸೀಮೆಯ ಮದಿರೆಯ ಮುಂದೆ ಉಳಿದುದೆಲ್ಲ ನೀರೆಂದು ವಾದಿಸುವವನು. ಪ್ರತಿ ಚಳಿಗಾಲದಲ್ಲಿಯೂ ಹೀಗೆ ಕೂಡುವುದು ಅವರ ವಾಡಿಕೆ. ಹಿಂದಿನ ವರ್ಷದವರೆಗೆ ಅವರು ನಾಲ್ವರಿದ್ದರು. ನಾಲ್ಕನೆಯ ಕುರ್ಚಿಯನ್ನು ಯಾರೂ ತೆಗೆದಿಡಲಿಲ್ಲ. ಅದರ ಮಾತನ್ನೂ ಯಾರೂ ಎತ್ತಲಿಲ್ಲ.

ಮೇಜಿನ ಮೇಲೆ ಅಕ್ರೋಟು, ರೊಟ್ಟಿ, ಕೊಂತೆ ಎಂಬ ಆ ನಾಡಿನ ಗಿಣ್ಣು. ಯಜಮಾನ ಮೊದಲು ಸುರಿದದ್ದು ಕೆಂಪು ಮದಿರೆ. ಬೇರೆಡೆಯಲ್ಲಿ ಬಿಳಿಯದನ್ನು ಮೊದಲು ಸವಿದು ಅನಂತರ ಕೆಂಪಿಗೆ ಬರುವುದು ಶಿಷ್ಟಾಚಾರ. ಜೂರಾದಲ್ಲಿ ಎಲ್ಲವೂ ತಲೆಕೆಳಗು. ಇಲ್ಲಿನ ಕೆಂಪು ಮದಿರೆ ಹಗುರ, ಬಿಳಿಯದೇ ಪ್ರಬಲ. ಪುಲ್ಸಾರ್ ಎಂಬ ದ್ರಾಕ್ಷಿಯ ರಸ ಎಷ್ಟು ತೆಳುವೆಂದರೆ, ಲೋಟದ ಈಚೆಯಿಂದ ನೋಡಿದರೆ ಆಚೆಯ ದೀಪದ ಕುಡಿ ಕಾಣುತ್ತದೆ. ಪನ್ನೀರಿಗೆ ಒಂದು ತೊಟ್ಟು ಕುಂಕುಮ ಕದಡಿದಂತಹ ಬಣ್ಣ. ಅದರ ಬೆನ್ನಿಗೆ ಬಂದ ತ್ರೂಸೋ ತುಸು ಗಾಢ, ನಾಲಗೆಯ ಮೇಲೆ ಮೆಣಸಿನ ನೆನಪು ಬಿಟ್ಟುಹೋಗುವಂಥದು. ಬರ್ಗಂಡಿಯ ಮಾಸ್ತರ ಎರಡನ್ನೂ ಗುಟುಕರಿಸಿ, “ಮಕ್ಕಳ ಪಾನಕ” ಎಂದು ನಕ್ಕ. ಯಜಮಾನ ಉತ್ತರಿಸಲಿಲ್ಲ. ಅವನ ಉತ್ತರ ಇನ್ನೂ ಸೀಸೆಯಲ್ಲಿತ್ತು.

ಆ ಉತ್ತರದ ಹೆಸರು ‘ವ್ಯಾಂ ಜೋನ್’, ಎಂದರೆ ಹಳದಿ ಮದಿರೆ. ಸಾವಾನ್ಯಾ ಎಂಬ ಒಂದೇ ಜಾತಿಯ ಬಿಳಿ ದ್ರಾಕ್ಷಿಯಿಂದ ಅದು ಆಗಬೇಕು. ರಸ ಹುದುಗಿ ಮದಿರೆಯಾದ ಮೇಲೆ ಅದನ್ನು ಓಕ್ ಮರದ ಪೀಪಾಯಿಗೆ ತುಂಬುತ್ತಾರೆ. ಪೀಪಾಯಿಯ ಮರ ಉಸಿರಾಡುತ್ತದೆ. ಒಳಗಿನ ರಸ ದಿನದಿನಕ್ಕೆ ಆವಿಯಾಗಿ ಇಳಿಯುತ್ತದೆ. ಬೇರೆ ಹೆಚ್ಚಿನ ಸೀಮೆಗಳಲ್ಲಿ ಬೆಳೆಗಾರ ಆ ಖಾಲಿ ಜಾಗವನ್ನು ಮತ್ತೆಮತ್ತೆ ತುಂಬುತ್ತಾನೆ. ಗಾಳಿ ತಗುಲಿದ ಮದಿರೆ ಹುಳಿತು ವಿನೆಗರ್ ಆಗುವುದೆಂಬುದು ಅವನ ಕುಲಪರಂಪರೆಯ ಭಯ. ಹಳದಿ ಮದಿರೆ ಮಾಡುವ ಜೂರಾದ ಬೆಳೆಗಾರನೋ ತುಂಬುವುದಿಲ್ಲ. ನಿಯಮವೂ ತುಂಬಗೊಡುವುದಿಲ್ಲ.

ಆಗ ನಡೆಯುವುದು ಒಂದು ಸೋಜಿಗ. ಇಳಿದ ರಸದ ಮೇಲೆ ಕಾಲಕ್ರಮದಲ್ಲಿ ಬೂದುಬಿಳುಪಿನ ಒಂದು ತೆಳುಪೊರೆ ಹರಡುತ್ತದೆ. ಅದು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳ ನೆಯ್ಗೆ. ಫ್ರೆಂಚರು ಅದನ್ನು ‘ವ್ವಾಲ್’, ಮುಸುಕು, ಎನ್ನುತ್ತಾರೆ. ಉಪ್ಪಿನಕಾಯಿಯ ಭರಣಿಯಲ್ಲಿ ಇಂಥ ಬಿಳಿಯ ಬೂಷ್ಟು ಕಂಡರೆ ಕನ್ನಡನಾಡಿನ ಗೃಹಿಣಿಯ ಎದೆ ಧಸಕ್ಕೆನ್ನುವುದು. ಅರ್ಬ್ವಾದ ಗೃಹಸ್ಥನಿಗೆ ಅದು ಕಂಡಾಗಲೇ ನಿದ್ದೆ. ಮುಸುಕು ಮದಿರೆಗೂ ಗಾಳಿಗೂ ನಡುವೆ ಕಾವಲು ನಿಲ್ಲುತ್ತದೆ. ಬೇಕಾದಷ್ಟೇ ಗಾಳಿಯನ್ನು ಒಳಬಿಟ್ಟು, ಆ ನಿಧಾನದಲ್ಲಿಯೇ ರಸಕ್ಕೆ ಹೊಸ ಪರಿಮಳವನ್ನು ಕೊಡುತ್ತದೆ. ಕೊಯ್ಲಿನ ಅನಂತರ ಆರನೆಯ ವರ್ಷದ ಡಿಸೆಂಬರ್ 15ರವರೆಗೆ ಈ ತಪಸ್ಸು ಸಾಗಬೇಕು. ಅದರಲ್ಲಿ ಕನಿಷ್ಠ 60 ತಿಂಗಳು ಮುಸುಕಿನ ಕೆಳಗೇ ಕಳೆಯಬೇಕು.

ಎಲ್ಲ ಪೀಪಾಯಿಗಳೂ ಗಟ್ಟಿ ದಡ ಮುಟ್ಟುವುದಿಲ್ಲ. ಕೆಲವದರ ಮುಸುಕು ಹರಿಯುತ್ತದೆ; ಹುಳಿ ಏರತೊಡಗುತ್ತದೆ. ಬೆಳೆಗಾರರು ಆಗಾಗ್ಗೆ ಪೀಪಾಯಿಯಿಂದ ಸ್ವಲ್ಪ ರಸವನ್ನು ಮೇಲಿನ ಪೊರೆ ಕದಡದಂತೆ ತೆಗೆದು ಪರೀಕ್ಷಿಸುತ್ತಾರೆ. ದಾರಿ ತಪ್ಪಿದ ಪೀಪಾಯಿಯನ್ನು ಹಳದಿ ಮದಿರೆಯ ಸಾಲಿನಿಂದ ಹೊರಹಾಕುತ್ತಾರೆ. ಕೊನೆಗೆ ಉಳಿಯುವುದೆಷ್ಟು? ತುಂಬಿದ ಒಂದು ಲೀಟರಿಗೆ ಸುಮಾರು 62 ಸೆಂಟಿಲೀಟರು. ಆದ್ದರಿಂದಲೇ ಈ ಮದಿರೆಯ ಸೀಸೆಯ ಅಳತೆಯೂ ಅಷ್ಟೇ. ‘ಕ್ಲಾವ್ಲ್ಯಾಂ’ ಎಂಬ ಆ ಕುಳ್ಳು ಕತ್ತಿನ, ಅಗಲ ಹೆಗಲಿನ ಸೀಸೆ ಕಾಲ ತಿಂದು ಬಿಟ್ಟ ಶೇಷವನ್ನೇ ತುಂಬಿಕೊಂಡಿರುವ ಪಾತ್ರೆ.

ಈ ಊರಿಗೂ ಸೂಕ್ಷ್ಮಜೀವಿಗಳಿಗೂ ಇರುವ ನಂಟು ಮದಿರೆಯಲ್ಲಿಯೇ ಮುಗಿಯುವುದಿಲ್ಲ. ಹೊಳೆಯ ದಡದಲ್ಲಿ ಒಂದು ಮನೆಯಿದೆ. ಈಗ ಅದು ವಸ್ತುಸಂಗ್ರಹಾಲಯ. ಒಮ್ಮೆ ಅದು ಚರ್ಮ ಹದಮಾಡುವವನೊಬ್ಬನ ಮನೆಯಾಗಿತ್ತು. ಅವನ ಮಗನೇ ಲೂಯಿ ಪಾಶ್ಚರ್. 1822ರಲ್ಲಿ ಸಮೀಪದ ದೋಲ್ ಪಟ್ಟಣದಲ್ಲಿ ಹುಟ್ಟಿ, ಅರ್ಬ್ವಾದಲ್ಲಿ ಬೆಳೆದು, ಕೀರ್ತಿಶಾಲಿಯಾದ ಮೇಲೂ ಬಿಡುವು ದೊರೆತಾಗಲೆಲ್ಲ ಈ ಮನೆಗೇ ಮರಳಿ ಬಂದವನು. ಹುಚ್ಚುನಾಯಿ ಕಡಿತಕ್ಕೆ ಮದ್ದು ಕಂಡುಹಿಡಿದ ಮಹಾನುಭಾವನೆಂದು ಶಾಲಾಪಠ್ಯಗಳಿಂದ ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮೊದಲು, 1860ರ ದಶಕದಲ್ಲಿ, ಫ್ರಾನ್ಸಿನ ಮದಿರೆಗಳು ಕೆಡುತ್ತಿದ್ದ ಕಾಲದಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕೋರಿಕೆಯಂತೆ ಅವನು ಈ ಊರಿನ ಮದಿರೆಯನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಭ್ಯಸಿಸಿದ. ಕೆಡುಕಿಗೆ ಕಾರಣ ಕಣ್ಣಿಗೆ ಕಾಣದ ಜೀವಿಗಳೆಂದು ಕಂಡುಕೊಂಡ. ಮದಿರೆಯನ್ನು ಸುಮಾರು 60 ಡಿಗ್ರಿಯವರೆಗೆ ಕಾಯಿಸಿದರೆ ಅವು ಸಾಯುವುವೆಂದು ತೋರಿಸಿದ. 1866ರಲ್ಲಿ ಅವನ ಮದಿರೆಯ ಅಧ್ಯಯನದ ಗ್ರಂಥ ಹೊರಬಂದಿತು. ಇಂದು ಬೆಳಗಾದರೆ ಬೆಂಗಳೂರಿನ ಮನೆಬಾಗಿಲಿಗೆ ಬರುವ ಹಾಲಿನ ಪೊಟ್ಟಣದ ಮೇಲೆ ಅಚ್ಚಾಗಿರುವುದು ಇದೇ ಅರ್ಬ್ವಾದ ಹುಡುಗನ ಹೆಸರು.

ವಿನೋದವೆಂದರೆ, ಅವನ ಸ್ವಂತ ನಾಡಿನ ಕೊಂತೆ ಗಿಣ್ಣನ್ನು ಇಂದಿಗೂ ಕಾಯಿಸದ ಹಸಿಹಾಲಿನಿಂದಲೇ ಮಾಡಬೇಕೆಂಬ ಕಟ್ಟಳೆಯಿದೆ. ಹಳದಿ ಮದಿರೆಯ ಪ್ರಾಣವೇ ಸೂಕ್ಷ್ಮಜೀವಿಗಳ ಮುಸುಕು. ಗುರುವಿಗೆ ಊರು ತಿರುಮಂತ್ರ ಹಾಕಿತೇ? ಹಾಗೆನ್ನಲಾಗದು. 1874ರಲ್ಲಿ ಪಾಶ್ಚರ್ ಅರ್ಬ್ವಾದ ಹತ್ತಿರ ದ್ರಾಕ್ಷಿತೋಟವೊಂದನ್ನು ಕೊಂಡ. 1878ರಲ್ಲಿ ಅಲ್ಲಿನ ಬಳ್ಳಿಗಳ ಮೇಲೆ ಗಾಜಿನ ಮನೆಗಳನ್ನು ಕಟ್ಟಿಸಿ, ಹೊರಗಿನ ಜೀವಾಣು ಸೋಕದ ಹಣ್ಣಿನ ರಸ ತಾನಾಗಿ ಹುದುಗದೆಂದು ಸಾಧಿಸಿ ತೋರಿಸಿದ. ಕೆಡಿಸುವುದೂ ಜೀವಾಣು, ರಸವನ್ನು ಮದಿರೆಯಾಗಿಸುವುದೂ ಜೀವಾಣು. ಎಲ್ಲವನ್ನೂ ಕೊಲ್ಲುವುದು ಅವನ ಉಪದೇಶವಲ್ಲ. ಯಾವುದು ವೈರಿ, ಯಾವುದು ನಂಟ ಎಂದು ಅರಿತು ನಡೆಯುವುದೇ ಅವನು ಕಲಿಸಿದ ಪಾಠ. ದೋಸೆಯ ಹಿಟ್ಟನ್ನು ರಾತ್ರಿ ಮುಚ್ಚಿಟ್ಟು ಮಲಗುವ ತಾಯಂದಿರಿಗೆ ಈ ವಿವೇಕ ಮೊದಲೇ ಉಂಟು.

ಆದರೆ ಎಲ್ಲ ವೈರಿಗಳೂ ಇಷ್ಟು ಸುಲಭವಾಗಿ ಸಿಕ್ಕಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಬೇರುಗಳನ್ನು ಕೊರೆದು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿತು. ಅದಕ್ಕೆ ಮುನ್ನ ಜೂರಾದಲ್ಲಿ ಸುಮಾರು 20,000 ಹೆಕ್ಟೇರು ದ್ರಾಕ್ಷಿಯಿತ್ತು. ಇಂದು ಉಳಿದಿರುವುದು ಅದರ ಹತ್ತರಲ್ಲೊಂದು ಪಾಲು. ಉಳಿದವರು ಒಬ್ಬರನ್ನೊಬ್ಬರು ಹಿಡಿದು ನಿಂತರು. 1906ರಲ್ಲಿ ಅರ್ಬ್ವಾದ ಬೆಳೆಗಾರರು ಸಹಕಾರ ಸಂಘ ಕಟ್ಟಿದರು. ಅದಕ್ಕೆ ಬೆಟ್ಟದ ಹಾಲುಗಾರರ ಗಿಣ್ಣಿನ ಸಂಘಗಳಿಗಿದ್ದ ಹೆಸರನ್ನೇ ಇಟ್ಟುಕೊಂಡರು. 1936ರಲ್ಲಿ ಫ್ರಾನ್ಸ್ ಸರಕಾರ ಮದಿರೆಗಳಿಗೆ ಊರಿನ ಹೆಸರಿನ ರಕ್ಷಣೆ ಕೊಡತೊಡಗಿದಾಗ ಆ ಗೌರವ ಪಡೆದ ಮೊಟ್ಟಮೊದಲ ಕೆಲವು ಹೆಸರುಗಳಲ್ಲಿ ಅರ್ಬ್ವಾ ಸೇರಿತ್ತು. ಬಂಡೆಯ ನೆತ್ತಿಯ ಮೇಲಿರುವ ಶಾತೋ-ಶಾಲೋನ್ ಎಂಬ ಹಳ್ಳಿಯ ಹಳದಿ ಮದಿರೆಗೂ ಅದೇ ವರ್ಷ ಆ ಮಾನ ದೊರೆಯಿತು. ಅಲ್ಲಿಯವರ ಛಲ ಹೇಳತೀರದು: ಹಣ್ಣು ತಕ್ಕಷ್ಟು ಪಕ್ವವಾಗಲಿಲ್ಲವೆಂದು 1974, 1980, 1984, 2001ರ ಬೆಳೆಗಳಿಗೆ ಊರಿನ ಹೆಸರನ್ನೇ ಕೊಡಲಿಲ್ಲ.

ಇಷ್ಟು ಕಾದು ಪಡೆದ ಮದಿರೆ ಮನುಷ್ಯನ ಆಯುಸ್ಸನ್ನು ಮೀರಿ ಬಾಳುತ್ತದೆ. ಹದಿನಾರನೆಯ ಲೂಯಿ ಪಟ್ಟಕ್ಕೆ ಬಂದ 1774ರ ಹಳದಿ ಮದಿರೆಯ ಒಂದು ಸೀಸೆ 2018ರಲ್ಲಿ ಹರಾಜಿಗೆ ಬಂದು 1,03,700 ಯೂರೋ ಬೆಲೆಗೆ ಮಾರಾಟವಾಯಿತು. ಅರಸನ ತಲೆ ಉರುಳಿತು, ಚಕ್ರವರ್ತಿಗಳು ಬಂದು ಹೋದರು. ಸೀಸೆ ಮಾತ್ರ ನೆಲಮಾಳಿಗೆಯ ಕತ್ತಲಲ್ಲಿ ಕುಳಿತೇ ಇತ್ತು.

ಗೆಳೆಯರ ಮೇಜಿಗೆ ಬಂದದ್ದು 2018ರ ಸೀಸೆ. ಆ ವರ್ಷ ಜೂರಾದಲ್ಲಿ ಹುಲುಸಾದ ಬೆಳೆ. ಕೊಯ್ಲಿಗೆ ಆಳು ಸಾಲದೆ ಯಜಮಾನ ಗೆಳೆಯರನ್ನೇ ಕರೆಸಿಕೊಂಡಿದ್ದ. ನಾಲ್ವರೂ ಬೆನ್ನು ಬಗ್ಗಿಸಿ ಸಾವಾನ್ಯಾ ಗೊಂಚಲುಗಳನ್ನು ಕತ್ತರಿಸಿದ್ದರು. 2025ರ ಜನವರಿಯ ಹೊರತು ಅದು ಮಾರುಕಟ್ಟೆಗೆ ಬರುವಂತಿರಲಿಲ್ಲ. ಯಜಮಾನ ಅದನ್ನು ಬೆಳಗ್ಗೆಯೇ ಬಿರಡೆ ತೆಗೆದು ಇಟ್ಟಿದ್ದ. ಲೋಟಕ್ಕೆ ಸುರಿದಾಗ ಹಳೆಯ ಚಿನ್ನದ ಬಣ್ಣ. ಮೂಗಿಗೆ ಮೊದಲು ಅಕ್ರೋಟಿನ, ಅನಂತರ ಒಗ್ಗರಣೆಯ ವಾಸನೆ. ಕನ್ನಡ ಮನೆಯ ಅಡಿಗೆಮನೆಯಲ್ಲಿ ಬೆಳೆದವರು ಅಲ್ಲಿದ್ದರೆ ಥಟ್ಟನೆ “ಹುರಿದ ಮೆಂತ್ಯ!” ಎನ್ನುತ್ತಿದ್ದರು. ಅದು ಬರಿಯ ಭ್ರಮೆಯಲ್ಲ. ಮೆಂತ್ಯದ ಪರಿಮಳಕ್ಕೆ ಕಾರಣವಾದ ಸೋಟೊಲಾನ್ ಎಂಬ ದ್ರವ್ಯವೇ ಮುಸುಕಿನ ಕೆಳಗೆ ಮಾಗಿದ ಈ ಮದಿರೆಯಲ್ಲಿಯೂ ಹುಟ್ಟುತ್ತದೆ.

ಬರ್ಗಂಡಿಯ ಮಾಸ್ತರ ಒಂದು ಗುಟುಕು ಕುಡಿದ. ಬಹಳ ಹೊತ್ತು ಮಾತಾಡಲಿಲ್ಲ. “ಇದರಲ್ಲಿ ಅವನು ಕೊಯ್ದ ಹಣ್ಣೂ ಇದೆ” ಎಂದ, ಖಾಲಿ ಕುರ್ಚಿಯತ್ತ ನೋಡದೆ.

“ಇದೆ. ಮೇಲಿನ ಮೂರು ಸಾಲು ಅವನದೇ. ಕೈ ಕುಯ್ದುಕೊಂಡು ಬೈಯುತ್ತಿದ್ದ, ನೆನಪಿದೆಯೆ?” ಎಂದ ಯಜಮಾನ. ಮೂವರೂ ನಕ್ಕರು. ಆ ನಗುವಿನಿಂದ ಸಂಜೆ ಹಗುರವಾಯಿತು. ಸತ್ತವನ ಮಾತು ಅಲ್ಲಿಂದ ಸಲೀಸಾಗಿ ಬಂದಿತು.

ಹೊರಡುವ ಮುನ್ನ ವೈದ್ಯ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಎರಡು ಪೀಪಾಯಿಗಳನ್ನು ಕಂಡು ವಿಚಾರಿಸಿದ. ಉತ್ತರ ಕೊಟ್ಟವಳು ಮಗಳು. ಅವು 2021ರವು. ಆ ವರ್ಷ ಏಪ್ರಿಲ್ ತಿಂಗಳ ಮೊದಲ ವಾರದ ರಾತ್ರಿಗಳಲ್ಲಿ ಕೊರೆಯುವ ಹಿಮ ಬಿದ್ದು, ಆಗತಾನೆ ಒಡೆದ ಮೊಗ್ಗುಗಳು ಸುಟ್ಟುಹೋಗಿದ್ದವು. ಹನ್ನೆರಡು ಪೀಪಾಯಿ ತುಂಬುತ್ತಿದ್ದ ತೋಟದಲ್ಲಿ ತುಂಬಿದ್ದು ಮೂರು. ಅವುಗಳಲ್ಲಿ ಒಂದು ಹುಳಿಯಿತು. ಬೇರೆ ಬೆಳೆಯಲ್ಲಿ ನಷ್ಟ ಆ ವರ್ಷಕ್ಕೇ ಮುಗಿಯುತ್ತದೆ. ಇಲ್ಲಿ ಒಂದು ರಾತ್ರಿಯ ಹಿಮ ಏಳು ವರ್ಷ ಕಳೆದ ಮೇಲೆ ಅಂಗಡಿಯ ಹಲಗೆಯನ್ನು ಬರಿದುಮಾಡುತ್ತದೆ. “2028ರ ಫೆಬ್ರವರಿಗೆ ನೀವೆಲ್ಲ ಬರಬೇಕು” ಎಂದಳು ಅವಳು. “ಇದ್ದರೆ ಬರುತ್ತೇವಮ್ಮಾ” ಎಂದ ಮಾಸ್ತರ. “ಇರಬೇಕು. ಲೆಕ್ಕ ಹಾಕಿಯೇ ಇಟ್ಟಿದ್ದೇನೆ” ಎಂದಳು.

ಸೀಸೆಯಲ್ಲಿ ಇನ್ನೂ ಒಂದು ಪಾಲು ಮದಿರೆ ಉಳಿದಿತ್ತು. ಬೇರೆ ಮದಿರೆಯಾಗಿದ್ದರೆ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ಇದು ಗಾಳಿಯೊಡನೆ ಆರು ವರ್ಷ ಬಾಳಿದ್ದು; ತೆರೆದ ಮೇಲೂ ವಾರಗಟ್ಟಲೆ ನಿಲ್ಲುತ್ತದೆ. ಯಜಮಾನ ಬಿರಡೆಯನ್ನು ಒತ್ತಿ, ಸೀಸೆಯನ್ನು ನಾಲ್ಕನೆಯ ಕುರ್ಚಿಯ ಎದುರಿಗೆ ಇಟ್ಟು, ದೀಪ ಆರಿಸಿ ಮೆಟ್ಟಿಲೇರಿದ.