ಒದ್ದೆ ಬಟ್ಟೆ ಮತ್ತು ರಾಮನ ನೀಲಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡ್ತೀನಿ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಮ್ಮ ದೇವರಕೋಣೆ ಧೂಳು ಹೊಡೆಯೋ ಕೆಲಸ ನನಗೆ ಹಚ್ಚಿದರು. ಅಲ್ಲಿ ಮುತ್ತಜ್ಜನ ಕಾಲದ್ದೊಂದು ಮೈಸೂರು ಶೈಲಿಯ ಪಟ್ಟಾಭಿಷೇಕದ ಚಿತ್ರ. ಗಾಜು ಒಡೆದು ಎಷ್ಟೋ ವರ್ಷ ಆಗಿತ್ತು, ಮೇಲೆಲ್ಲ ಊದುಬತ್ತಿ ಹೊಗೆ. ಲ್ಯಾಪ್‌ಟಾಪ್ ಒರೆಸೋ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎರಡನೇ ಸಲಕ್ಕೆ ಬಟ್ಟೆ ನೀಲಿ! ರಾಮನ ಎಡಭುಜ ನನ್ನ ಕೈಯಲ್ಲಿತ್ತು. ಅಮ್ಮ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ...

ಫ್ರೇಮ್ ಹಾಕೋ ಅಂಗಡಿಯವನು "ಆಯಿಲ್ ಪೇಂಟ್ ಹೊಡೆದು ಹೊಸದರ ಥರ ಮಾಡಿಕೊಡ್ತೀನಿ ಬಿಡಿ ಸಾರ್" ಅಂದ. ಒಪ್ಪಿಯೇ ಬಿಡ್ತಿದ್ದೆ. ಗೆಳೆಯನೊಬ್ಬ ತಡೆದು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರೋ ಇಂಟ್ಯಾಕ್‌ನವರ ಕಲಾ ಸಂರಕ್ಷಣಾ ಕೇಂದ್ರಕ್ಕೆ ಕಳಿಸಿದ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಗೆ ಅಂತ ಎಷ್ಟು ಸಲ ಸುತ್ತಿದ್ದೀನೋ, ಒಳಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಅಲ್ಲಿನ ಮೇಡಂ ಮೊದಲು ಹೇಳಿದ್ದು, "ಇನ್ನು ನೀವು ಏನೂ ಮಾಡಬೇಡಿ." ಹಳೆಯ ಮೈಸೂರು ಚಿತ್ರಗಳಲ್ಲಿ ಬಣ್ಣವನ್ನು ಗೋಂದಿನಲ್ಲಿ ಕಲಸಿರ್ತಾರಂತೆ. ಗೋಂದು ನೀರಿಗೆ ಕರಗದೆ ಇರುತ್ತಾ? ಚಿನ್ನದ ರೇಕಿನ ಕೆಳಗಿನ ಉಬ್ಬು ಕೆಲಸಕ್ಕೆ ಸಫೇದ, ಅಂದರೆ ಸೀಸದ ಬಿಳಿ. ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಅದು ಕಪ್ಪಾಗಬಹುದು. ಕಾಗದದ ಹಿಂದಿನ ಮರದ ಹಲಗೆಯೋ, ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತೆ. ಬಣ್ಣ ಎದ್ದು ಬರದೆ ಏನಾಗುತ್ತೆ!

ಮುಟ್ಟೋ ಮೊದಲು ಇಂಚಿಂಚೂ ಫೋಟೋ, ಟಿಪ್ಪಣಿ. ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ ಮೂಲೆಯಲ್ಲಿ ಸಾಸಿವೆ ಗಾತ್ರದ ಜಾಗದಲ್ಲಿ ಪರೀಕ್ಷೆ. ಏನೇ ಮಾಡಿದರೂ ಮುಂದೆ ಇನ್ನೊಬ್ಬರು ಅದನ್ನು ತೆಗೆಯುವ ಹಾಗಿರಬೇಕು ಅನ್ನೋದು ಅವರ ನಿಯಮ. ದಿನಾ ಕಂಟ್ರೋಲ್ ಝಡ್ ಒತ್ತೋ ನನಗೆ ಇದು ಹೊಳೀಲಿಲ್ಲವಲ್ಲ ಅಂತ ನಾಚಿಕೆಯಾಯ್ತು.

ಅವತ್ತಿನಿಂದ ತಲೆಗೆ ಹುಳ. ಆಫೀಸಿನಲ್ಲಿ ಬಿಲ್ಡ್ ಓಡ್ತಿರುವಾಗ ಹುಡುಕಿದ್ದೇ ಹುಡುಕಿದ್ದು. ದೆಹಲಿಯ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ, ಅಲ್ಲಿ ಸಂರಕ್ಷಣೆಯಲ್ಲಿ ಎಂ.ಎ. ಇದೆ. ಲಖನೌದಲ್ಲಿ 1976ರಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದವರು ತರಬೇತಿ ಕೊಡ್ತಾರೆ. ರಸಾಯನಶಾಸ್ತ್ರ, ಕಲೆಯ ಇತಿಹಾಸ, ಕೈಚಳಕ ಮೂರೂ ಬೇಕಾದ ಕೆಲಸ. ನಾನೋ ಫಸ್ಟ್ ಇಯರ್‌ನ ಕೆಮಿಸ್ಟ್ರಿ ಸೈಕಲ್ಲನ್ನು ದೇವರ ದಯೆಯಿಂದ ದಾಟಿದವನು. ಸಂಬಳ ಎಷ್ಟು ಅಂತ ಕೇಳಿದ್ದಕ್ಕೆ ಮೇಡಂ ನಕ್ಕು, "ಹೋಮ್ ಲೋನ್ ಇದೆಯಾ?" ಅಂದರು. ಇದೆ. "ಮೊದಲು ನಾಲ್ಕು ಶನಿವಾರ ಬಂದು ಕೂತು ನೋಡಿ."

ಆರು ಶನಿವಾರ ಆಯ್ತು. ನನಗೆ ಇನ್ನೂ ಹತ್ತಿ ಸುತ್ತೋದಷ್ಟೇ ಕೆಲಸ, ಅದೂ ಸಡಿಲ ಅಂತ ಬೈಸಿಕೊಳ್ತೀನಿ.

ಚಿತ್ರ ಹೋದ ವಾರ ಮನೆಗೆ ಬಂತು. ಬಣ್ಣ ಹೋದ ಜಾಗಕ್ಕಷ್ಟೇ ತೆಳುವಾಗಿ ನೀಲಿ ತುಂಬಿದ್ದಾರೆ. ಅಮ್ಮ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು.

"ಇಲ್ಲೇ ಅಲ್ವೇನೋ ನೀನು ಒರೆಸಿದ್ದು?"

ಹ್ಞೂಂ ಅಂದೆ.